ಇನ್ನೊಂದು ಕೈ ಸುಣ್ಣ

ಮೊನ್ನೆ ನವರಾತ್ರಿಗೆ ಮುಂಚೆ ಹಿತ್ತಲಿನ ಗೋಡೆಗೆ ಸುಣ್ಣ ಹಚ್ಚಿಸಿದೆ. ಈಗ ಧಾರವಾಡದಲ್ಲಿ ಸುಣ್ಣ ಹಚ್ಚಿಸುವವರು ಕಡಿಮೆ, ಎಲ್ಲರೂ ಡಬ್ಬಿಯ ಬಣ್ಣಕ್ಕೆ ಬಿದ್ದಿದ್ದಾರೆ. ಆದರೆ ನಮ್ಮ ಹಿತ್ತಲಿನದು ಅಜ್ಜನ ಕಾಲದ ಮಣ್ಣಿನ ಗೋಡೆ. ಡಬ್ಬಿಯ ಬಣ್ಣ ಬಳಿದರೆ ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಹಾಗಾಗಿ ಮಹಬೂಬಸಾಬರು ಬಂದು ಹಳೆಯ ಬಕೆಟ್ಟಿನಲ್ಲಿ ಸುಣ್ಣದ ಹರಳು ಹಾಕಿ ನೀರು ಹೊಯ್ದರು. ಅದು ಕೊತಕೊತ ಕುದಿದು, ಬಿಸಿ ವಾಸನೆ ಅಡುಗೆಮನೆಯವರೆಗೂ ಬಂತು. ಮಧ್ಯಾಹ್ನ ಅವರು ಬಾಗಿಲಲ್ಲಿ ನಿಂತು, "ಅಕ್ಕಾರ, ಒಂದ ಕೈ ಆತು. ಇನ್ನೊಂದ ಕೈ ಹಚ್ಚಲೇನ್ರಿ?" ಅಂದರು.

ಎದುರಿನ ವಕೀಲರಿಗೆ ಬಾಯಿ ತೆರೆಯಲು ಬಿಡದವಳು ಅಂತ ಕೋರ್ಟಿನಲ್ಲಿ ನನಗೆ ಹೆಸರಿದೆ. ಈ ಪ್ರಶ್ನೆಗೆ ಮಾತ್ರ "ನಿಮಗ ತಿಳಿದಂಗ ಮಾಡ್ರಿ" ಎಂದು ಒಳಗೆ ಹೋಗಿ ಕುಳಿತುಬಿಟ್ಟೆ. ಈ ವಾಸನೆ ಊರಿಗೆಲ್ಲ ಹಬ್ಬ ತರುತ್ತದೆ. ನನಗೆ ಒಂದು ಮಳೆಗಾಲವನ್ನು, ನಾವು ಸೋತ ಒಂದು ದಾವೆಯನ್ನು, ನಮ್ಮ ಶಿರಗುಪ್ಪಿ ಸರ್ ಮುಖವನ್ನು ತರುತ್ತದೆ.

ತೊಂಬತ್ತರ ದಶಕ ಮುಗಿಯಲು ಬಂದಿತ್ತು. ನಾನು ಧಾರವಾಡದಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಕಲಿಯುವುದು ಅಂದರೆ ಅವರ ಫೈಲು ಹೊರುವುದು, ವಾಯಿದೆ ಕೇಳುವುದು, ಜಿಟಿಜಿಟಿ ಮಳೆಗೆ ಒಣಗದ ಕರಿ ಕೋಟನ್ನು ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿಕೊಂಡು ಹೋಗುವುದು. ಆ ವರ್ಷ ಮಳೆ ಹಿಡಿದ ಹೊಸತರಲ್ಲಿ ಗೌಳಿಗರ ದಾವೆ ನಮ್ಮ ಕಚೇರಿಗೆ ಬಂತು. ಮುಗದ ದಾಟಿ ಪಡುವಣಕ್ಕೆ ನಡೆದರೆ ಕಾಡು ಶುರುವಾಗುತ್ತದಲ್ಲ, ಅಲ್ಲಿ ಎಮ್ಮೆ ಕಾಯುವ ಜನ ಇವರು. ಗುಡಿಸಲೂ ಎಮ್ಮೆ ಕಟ್ಟುವ ಜಾಗವೂ ಕೂಡಿದ ಠಾವಿಗೆ ದಡ್ಡಿ ಅನ್ನುತ್ತಾರೆ. ಇವರಿಗೆ ಎರಡು ದಡ್ಡಿಗಳಿದ್ದವು. ಹಳ್ಳದ ಬದಿಗೆ ಕೆಳಗಿನದು, ಗುಡ್ಡದ ಮೇಲೆ ಮೇಲಿನದು. ಒಂದರಲ್ಲಿ ಕೆಲವು ವರ್ಷ ಇದ್ದು, ನೆಲ ಕೆಟ್ಟು ಎಮ್ಮೆಗಳಿಗೆ ರೋಗ ಬರತೊಡಗಿದರೆ ಇನ್ನೊಂದಕ್ಕೆ ಹೋಗುವುದು, ಬಿಟ್ಟ ನೆಲ ಸುಧಾರಿಸಿದ ಮೇಲೆ ತಿರುಗಿ ಬರುವುದು ಅವರ ಅಜ್ಜ ಮುತ್ತಜ್ಜರಿಂದ ಬಂದ ರೂಢಿ.

ಅವರು ಕೆಳಗಿದ್ದ ಕಾಲದಲ್ಲಿ ಮೇಲಿನ ದಡ್ಡಿ ಖಾಲಿ ಬಿದ್ದಿತ್ತು. ಸರಕಾರ ಅದನ್ನು ಜನವಸತಿ ಇಲ್ಲದ ಜಾಗವೆಂದು ತೀರ್ಮಾನಿಸಿ ಅಕೇಶಿಯಾ ಸಸಿ ನೆಡುವುದಕ್ಕೆ ತೆಗೆದಿಟ್ಟಿತು. ಮನೆಯವರು ಮದುವೆಗೆ ಹೋದಾಗ ಮನೆ ಖಾಲಿ ಇದೆ ಅಂತ ಬಾಡಿಗೆಗೆ ಕೊಟ್ಟ ಹಾಗಾಯಿತು. ಇವರು ಮೇಲೆ ಹೋಗಬೇಕಾದ ವರ್ಷವೇ ತಂತಿ ಬೇಲಿಯ ಮಾತು ಬಂತು. ಅವರ ಹಿರಿಯ ಧೊಂಡು ಕಾಕಾ ಮುತ್ತಗದ ಎಲೆಯಲ್ಲಿ ಬೆಣ್ಣೆ ಕಟ್ಟಿಕೊಂಡು ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಕುಳಿತಿದ್ದ.

"ವಕೀಲಬಾಯಿ, ಕೆಳಗ ಕೆಸರಿನ್ಯಾಗ ಎಮ್ಮಿ ಗೊರಸು ಕೊಳ್ಯಾಕತ್ಯಾವ್ರಿ. ಮ್ಯಾಲೆ ಹೋಗಾಕ ಬಿಡವಲ್ರು. ಎಮ್ಮಿ ಸತ್ತು ಹೋದ್ರ ನಾವು ಯಾರಂತ ಹೇಳಿಕೊಳ್ಳೂದ್ರಿ?"

ಈ ಹಂಗಾಮಿನೊಳಗೆ ಮುಗಿಸಬೇಕು ಎಂದು ಮೇಲಿನ ಕೋರ್ಟು ಹೇಳಿದ್ದರಿಂದ ದಾವೆ ಓಟಕ್ಕೆ ನಿಂತಿತ್ತು. ನಮ್ಮ ಸೀನಿಯರ್ ಅಡಕೆ ಕತ್ತರಿಸುತ್ತ ಅಂದರು: "ಇವರ ಕಡೆ ಒಂದ ತುಣುಕು ಕಾಗದ ಇಲ್ಲ. ಇವರು ಹಿಂದಿನಿಂದ ಹಿಂಗ ಹೋಗಿ ಬಂದು ಮಾಡ್ಯಾರ ಅಂತ ತಿಳಿದವರೊಬ್ಬರು ಬಂದು ಸಾಕ್ಷಿ ನುಡೀಬೇಕು. ಇತಿಹಾಸದವರು. ಯಾರದಾರ ನೋಡು."

ನನಗೆ ಬಿ.ಎ.ದಲ್ಲಿ ಇತಿಹಾಸ ಕಲಿಸಿದ್ದು ಶಿರಗುಪ್ಪಿ ಸರ್. ಹುಬ್ಬಳ್ಳಿ ಕಡೆಯ ಶಿರಗುಪ್ಪಿಯ ಕರಿಮಣ್ಣಿನ ಒಕ್ಕಲುಮನೆಯವರು, ನಿವೃತ್ತರಾಗಿ ಸಪ್ತಾಪುರದಲ್ಲಿ ಸಣ್ಣ ಮನೆ ಕಟ್ಟಿಸಿಕೊಂಡಿದ್ದರು. ಉತ್ತರಪತ್ರಿಕೆಯಲ್ಲಿ ನಾವು ಯಾವುದನ್ನಾದರೂ 'ಅತ್ಯಂತ ಪ್ರಾಚೀನ' ಎಂದು ಬರೆದರೆ ಅಡ್ಡಗೆರೆ ಎಳೆದು, "ಯಾರು ಅಳದ್ರು?" ಎಂದು ಕೆಂಪು ಮಸಿಯಲ್ಲಿ ಬರೆಯುತ್ತಿದ್ದರು. ಗೊತ್ತಿದ್ದಷ್ಟು ಹೇಳು, ಗೊತ್ತಿಲ್ಲದ್ದಕ್ಕೆ ಬಾಯಿ ಮುಚ್ಚು ಅನ್ನುವುದು ಅವರ ಒಂದೇ ಪಾಠ. ಉಳಿದ ರಾಜರು, ಯುದ್ಧಗಳು ನನಗೆ ಮರೆತು ಹೋಗಿವೆ.

ಸಾಕ್ಷಿಯ ಮಾತೆತ್ತಿದಾಗ ನಕ್ಕರು. "ನಮ್ಮಪ್ಪ ಬದುವಿನ ಸಲುವಾಗಿ ಕೋರ್ಟ್ ಮೆಟ್ಟಿಲಾ ಹತ್ತಿದ್ದ. ಹೊಲಾ ಹೋತು, ಮೆಟ್ಟಿಲಾ ಉಳದ್ವು. ನಾ ಒಲ್ಲೆವಾ." ಅವರ ಹೆಂಡತಿ, ನಾನು ಕಾಕೂ ಅನ್ನುತ್ತಿದ್ದೆ, ಚಹಾ ತಂದಿಟ್ಟು, "ಮನ್ಯಾಗ ಕುಂತು ನನ್ನ ಕೂಡ ವಾದಾ ಮಾಡೂಕಿಂತ ಅಲ್ಲಿ ಹೋಗಿ ಮಾಡ್ರಿ" ಅಂದರು. ಸರ್ ಒಪ್ಪಿದರು. ಆದರೆ ಒಂದು ಕರಾರು ಹಾಕಿದರು. ಮೊದಲು ಕಣ್ಣಿನಿಂದ ನೋಡಬೇಕು, ಕಂಡದ್ದನ್ನಷ್ಟೇ ಹೇಳುವುದು.

ಆಷಾಢದ ಒಂದು ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿ ಮುಗದಕ್ಕೆ ಇಳಿದೆವು. ಸರ್ ಕೈಯಲ್ಲಿ ಕೊಡೆ, ಕೊರಳಲ್ಲಿ ಯಾರದೋ ಕಡ ತಂದ ಕ್ಯಾಮೆರಾ. ಧೊಂಡು ಕಾಕಾ ಮುಂದೆ, ನಾವು ಹಿಂದೆ. ಕಾಡಿನಲ್ಲಿ ಮಳೆ ಎರಡು ಸಲ ಬೀಳುತ್ತದೆ, ಒಮ್ಮೆ ಮುಗಿಲಿನಿಂದ, ಒಮ್ಮೆ ಎಲೆಯಿಂದ. ಕೆಳಗಿನ ದಡ್ಡಿಯಲ್ಲಿ ಎಮ್ಮೆಗಳು ಮೊಳಕಾಲುದ್ದ ಕೆಸರಿನಲ್ಲಿ ನಿಂತಿದ್ದವು. ಧೊಂಡು ಕಾಕಾನ ಹೆಂಡತಿ ಸೋನಾಬಾಯಿ ಒಂದು ಎಮ್ಮೆಯ ಕಾಲು ಎತ್ತಿ ಹಿಡಿದು ಬೇವಿನೆಣ್ಣೆ ಹಚ್ಚುತ್ತಿದ್ದಳು. ನಮ್ಮನ್ನು ಕಂಡು ಕೈ ತೊಳೆದು ಬಿಸಿ ಹಾಲು ಕೊಟ್ಟಳು. ಸರ್‌ಗೆ ಹಾಲು ಆಗದು. ಅವಳ ಮುಖ ನೋಡಿ ಒಂದೇ ಗುಟುಕಿಗೆ ಕುಡಿದುಬಿಟ್ಟರು.

ಮೇಲಿನ ದಡ್ಡಿ ನೋಡಿದಾಗ ನನಗೇನೂ ಕಾಣಲಿಲ್ಲ, ನಿಜ ಹೇಳುತ್ತೇನೆ. ಹುಲ್ಲು, ಹಾಳು ಗೂಟಗಳು, ಮತ್ತಿಯ ಮರದ ಬುಡಕ್ಕೆ ಎಣ್ಣೆ ಮೆತ್ತಿದ ಒಂದು ದೇವರ ಕಲ್ಲು, ಅಷ್ಟೇ. ಸರ್ ಮಾತ್ರ ಮಳೆಯಲ್ಲಿ ಮೊಳಕಾಲೂರಿ ಕುಳಿತರು. ಎಮ್ಮೆ ಕಟ್ಟುವ ಗೂಟದ ಪಕ್ಕದಲ್ಲಿ ಇನ್ನೊಂದು ಮುರುಕು ಗೂಟ, ಅದರ ಪಕ್ಕ ಪೂರಾ ಲಡ್ಡಾಗಿ ಪುಡಿಯಾಗುತ್ತಿದ್ದ ಮತ್ತೊಂದು, ಅದರಾಚೆ ಬರೀ ಕರಿಮಣ್ಣು ತುಂಬಿದ ತೂತು. ಪ್ರತಿ ಗೂಟದ ಕಥೆಯೂ ಇದೇ.

"ಇದೇನು ಧೊಂಡು?"

"ಹಳೀ ಗೂಟ ಕೀಳೂದಿಲ್ರಿ ಮಾಸ್ತರ. ತಿರುಗಿ ಬಂದಾಗ ಅದರ ಬಾಜೂಕ ಹೊಸಾದು ಹುಗೀತೀವಿ. ಹಳೇದು ತಂತಾನ ಮಣ್ಣಾಗತೈತಿ."

ಸರ್ ನನ್ನ ಕಡೆ ತಿರುಗಿದರು. ಅವರ ಕನ್ನಡಕದ ಮೇಲೆ ನೀರು ಇಳಿಯುತ್ತಿತ್ತು. "ಶಾಂತಾ, ನೋಡಿಲ್ಲಿ. ಇವರು ಎಷ್ಟು ಸಲ ಹೋಗ್ಯಾರ, ಎಷ್ಟು ಸಲ ಬಂದಾರ, ಎಲ್ಲಾ ನೆಲದಾಗ ಐತಿ. ಬಿಟ್ಟು ಹೋಗ್ಯಾರ ಅಂತಾರಲ್ಲ, ಬಿಟ್ಟು ಹೋಗೂದೂ ಇವರು ಇರೂ ರೀತಿ." ಆಮೇಲೆ ದೇವರ ಕಲ್ಲಿನ ಮೇಲಿನ ಎಣ್ಣೆ, ಅರಿಶಿನ ಭಂಡಾರದ ದಪ್ಪ ಪದರನ್ನು ಉಗುರಿನಿಂದ ಮುಟ್ಟಿ ನೋಡಿ, ತಪ್ಪಾಯಿತೆಂಬಂತೆ ಕೈ ಮುಗಿದರು. ಅಷ್ಟು ಖುಷಿಯಾಗಿ ನಾನು ಅವರನ್ನು ತರಗತಿಯಲ್ಲೂ ನೋಡಿರಲಿಲ್ಲ.

ಕ್ಯಾಮೆರಾ ತೆಗೆದರು. ಮರದ ಕೆಳಗೆ ಹಾಡುಹಗಲೇ ಕತ್ತಲು, ಗಾಜಿನ ಮೇಲೆ ಹಬೆ. "ಇದರಾಗ ಏನೂ ಬರೂದಿಲ್ಲ. ಬಿಸಿಲು ಬಿದ್ದ ಮ್ಯಾಲೆ ಬರೂಣು" ಎಂದು ಮತ್ತೆ ಚೀಲಕ್ಕೆ ಹಾಕಿದರು. ಆ ಬಿಸಿಲು ಬೀಳಲೇ ಇಲ್ಲ. ಶ್ರಾವಣದ ತುಂಬ ಮಳೆ, ಜೊತೆಗೆ ನೆನೆದು ಬಂದ ಸರ್‌ಗೆ ಜ್ವರ. ಹೇಗೂ ಕೋರ್ಟಿನವರು ಜಾಗ ನೋಡಲು ಬರುತ್ತಾರೆ, ಅವರ ಕಣ್ಣೆದುರೇ ತೋರಿಸಿ ಫೋಟೋ ತೆಗೆದರಾಯಿತು ಎಂದುಕೊಂಡೆವು. ಅದು ತಪ್ಪು ಲೆಕ್ಕವೆಂದು ಯಾರಿಗೂ ಅನ್ನಿಸುವಂತಿರಲಿಲ್ಲ.

ಗಣಪತಿ ಹಬ್ಬ ಕಳೆದ ಮೇಲೆ ಜಾಗದ ಪರಿಶೀಲನೆಗೆ ಕೋರ್ಟು ಒಬ್ಬ ವಕೀಲರನ್ನು ಕಮಿಷನರ್ ಎಂದು ನೇಮಿಸಿತು. ಬೆಣ್ಣೆ ಮಾರಲು ಬಂದಿದ್ದ ಧೊಂಡು ಕಾಕಾನಿಗೆ ಸುದ್ದಿ ಹೇಳಿದೆವು. ಕೋರ್ಟಿನ ಸಾಹೇಬರು ಬರುತ್ತಾರೆ, ಮೇಲಿನ ದಡ್ಡಿ ನೋಡುತ್ತಾರೆ, ಎಲ್ಲರೂ ಇರಿ. ಅವನ ಮುಖ ಅರಳಿತು. ಅಷ್ಟು ದಿನ ಅವರ ಜಾಗಕ್ಕೆ ಬಂದ ಸಾಹೇಬರೆಲ್ಲ ಓಡಿಸಲಿಕ್ಕೆ ಬಂದವರು. ನೋಡಲಿಕ್ಕೆ ಬರುವ ಸಾಹೇಬರು ಇವರೇ ಮೊದಲು.

ಆ ದಿನ ಮಳೆ ತುಸು ಬಿಡುವು ಕೊಟ್ಟಿತ್ತು. ಕಮಿಷನರು, ಸರಕಾರಿ ವಕೀಲರು, ನಮ್ಮ ಸೀನಿಯರು, ಸರ್, ನಾನು ಸಾಲಾಗಿ ಗುಡ್ಡ ಹತ್ತಿದೆವು. ಅರ್ಧ ಹಾದಿಯಲ್ಲೇ ಆ ವಾಸನೆ ಬಂತು. ಬಿಸಿ ಸುಣ್ಣದ್ದು, ಹಸಿ ಸೆಗಣಿಯದ್ದು. ಕಾಡಿನ ನಡುವೆ ಹಬ್ಬದ ಮನೆಯ ವಾಸನೆ. ಸರ್ ಒಮ್ಮೆ ನಿಂತರು. ಅವರಿಗೆ ಆಗಲೇ ಗೊತ್ತಾಯಿತೆಂದು ಕಾಣುತ್ತದೆ, ನನ್ನ ಕೈ ಹಿಡಿದುಕೊಂಡೇ ಉಳಿದ ಹಾದಿ ಹತ್ತಿದರು.

ಮೇಲಿನ ದಡ್ಡಿ ಥಳಥಳ ಅನ್ನುತ್ತಿತ್ತು. ಹುಲ್ಲು ಕೆತ್ತಿ ನೆಲ ಸಮ ಮಾಡಿ ಸಾರಿಸಿದ್ದರು. ಹಳೆಯ ಗೂಟ ಒಂದೂ ಇರಲಿಲ್ಲ. ತೂತುಗಳನ್ನು ಮುಚ್ಚಿ ಬಡಿದು, ಹೊಸ ಗೂಟಗಳನ್ನು ನೇರ ಸಾಲಿಗೆ ಹುಗಿದಿದ್ದರು. ದೇವರ ಕಲ್ಲನ್ನು ಬೂದಿ ಹಾಕಿ ತಿಕ್ಕಿ, ಕುಡಗೋಲಿನಿಂದ ಹೆರೆದು, ಸುಣ್ಣ ಹಚ್ಚಿದ್ದರು. ಸುತ್ತ ರಂಗೋಲಿ. ಹೆಂಗಸರು ಹೊಸ ಸೀರೆ ಉಟ್ಟು, ತಂಬಿಗೆಯಲ್ಲಿ ಕಾಲಿಗೆ ನೀರು ಹಿಡಿದು ನಿಂತಿದ್ದರು.

ಸೋನಾಬಾಯಿ ಹೆಮ್ಮೆಯಿಂದ ಮುಂದೆ ಬಂದಳು. "ಎಲ್ಲಾ ಸ್ವಚ್ಛ ಮಾಡೇವ್ರಿ ಮಾಸ್ತರ. ಸಾಹೇಬ್ರ ಕಾಲಿಗೆ ತಾಗೀತಂತ ಒಂದ ಹಳೀ ಗೂಟಾ ಉಳಿಸಿಲ್ರಿ. ಸುಣ್ಣ ಮಾತ್ರ ಒಂದ ಕೈ ಆಗೇತಿ, ನಿನ್ನಿ ಮಳಿ ಬಂತಲ್ಲ."

ಯಾರನ್ನು ಬೈಯೋಣ? ಮನೆಗೆ ದೊಡ್ಡವರು ಬರುತ್ತಾರೆ ಅಂದರೆ ಕಸ ಹೊಡೆಯಬೇಡಿ ಎಂದು ಯಾರಾದರೂ ಹೇಳಿ ಕಳಿಸುತ್ತಾರೆಯೇ? ನನ್ನ ತಾಯಿಯಾದರೂ ಹಾಗೇ ಮಾಡುತ್ತಿದ್ದಳು. ಬೀಗರು ಬರುವ ಹಿಂದಿನ ದಿನ ಅಟ್ಟದ ಮೇಲಿನ ಹಳೆಯದನ್ನೆಲ್ಲ ಒಲೆಗೆ ಹಾಕಿದವಳು ಅವಳು. ಸರ್ ಸೋನಾಬಾಯಿಯ ಮುಂದೆ ನಿಂತು, "ಭಾಳ ಛಲೋ ಮಾಡೀರವಾ" ಅಂದರು. ಕಮಿಷನರು ಒಳ್ಳೆಯ ಮನುಷ್ಯರೇ, ಗೌಳಿಗರು ಕೊಟ್ಟ ಮಜ್ಜಿಗೆ ಕುಡಿದರು, ಕಂಡದ್ದನ್ನು ಬರೆದುಕೊಂಡರು. ಕಂಡದ್ದೆಲ್ಲ ಹೊಸದು.

ಇಳಿಯುವಾಗ ನಮ್ಮ ಸೀನಿಯರ್ ಸರ್ ಪಕ್ಕಕ್ಕೆ ಬಂದು ಪಿಸುಗುಟ್ಟಿದರು. "ಕಲ್ಲು ಐತೆಲ್ರಿ ಇನ್ನಾ. ಸುಣ್ಣದ ಕೆಳಗಿಂದು ಮುನ್ನೂರು ವರ್ಷದ ಕಲ್ಲು ಅಂತ ಹೇಳಿಬಿಡ್ರಿ. ನೀವು ಹೇಳಿದ್ರ ಇಲ್ಲನ್ನವ್ರು ಯಾರದಾರ?"

"ನಾನ ಇದ್ದೀನಲ್ರಿ" ಅಂದರು ಸರ್.

ಸಾಕ್ಷಿಯ ದಿನ ಕೋರ್ಟಿನ ಕೋಣೆ ಸಣ್ಣದೆಂದು ಗೌಳಿಗರನ್ನು ಹೊರಗೆ ಮರದ ಕೆಳಗೆ ಕೂರಿಸಿದ್ದೆವು. ಅದೊಂದು ಒಳ್ಳೆಯದಾಯಿತು. ಸರ್ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಕಟಕಟೆಯ ಮೇಲೆ ಪಾಠದ ಮೇಜಿನಂತೆಯೇ ಕೈ ಇಟ್ಟರು. ಆಷಾಢದಲ್ಲಿ ತಾವು ಕಂಡದ್ದನ್ನೆಲ್ಲ ಹೇಳಿದರು. ಗೂಟದ ಪಕ್ಕ ಗೂಟ, ತೂತಿನ ಪಕ್ಕ ತೂತು, ಹೋಗಿ ಬರುವ ರೂಢಿ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಗೆಲ್ಲುತ್ತೇವೇನೋ ಎಂದು ನನಗೆ ಆಸೆಯಾಯಿತು.

ಆಮೇಲೆ ಸರಕಾರಿ ವಕೀಲರು ಎದ್ದರು. ಫೋಟೋ ಇದೆಯೇ? ಇಲ್ಲ. ಆ ಗೂಟಗಳು ಈಗ ಇವೆಯೇ? ಇಲ್ಲ. ಯಾರು ತೆಗೆದರು?

"ಅವರ ತೆಗದ್ರು. ಬರವರಿಗೆ ಮರ್ಯಾದಿ ಅಂತ ತೆಗದ್ರು."

"ಅಂದ್ರ ನಿಮ್ಮ ಮಾತು ಬಿಟ್ರ ಬ್ಯಾರೆ ಏನೂ ಉಳದಿಲ್ಲ. ಹೋಗ್ಲಿ, ಆ ಕಲ್ಲರೆ ನೂರು ವರ್ಷದ್ದು ಅಂತ ಖಾತ್ರಿ ಹೇಳ್ತೀರೇನ್ರಿ?"

ನಮ್ಮ ಸೀನಿಯರ್ ಕತ್ತು ಚಾಚಿದರು. ನಾನು ಮನಸ್ಸಿನಲ್ಲೇ ಹೇಳ್ರಿ ಸರ್, ಹೌದನ್ರಿ ಎಂದು ಬೇಡಿಕೊಂಡೆ. ಒಂದು 'ಹೌದು', ಅಷ್ಟೇ ಬೇಕಾಗಿತ್ತು. ಆ ಎಮ್ಮೆಗಳಿಗೆ ಒಣ ನೆಲ ಸಿಗಲು ಒಂದು 'ಹೌದು'.

ಸರ್ ಕಟಕಟೆಯ ಮೇಲಿನ ಕೈ ತೆಗೆದರು. "ಅದರ ಮ್ಯಾಲಿನ ಪದರು ಇದ್ದಿದ್ರ ಎರಡು ಮೂರು ತಲಿಮಾರಿನ ಮಾತು ಹೇಳಬಹುದಾಗಿತ್ತು. ಈಗ ಬರೀ ಕಲ್ಲು ಐತಿ. ಕಲ್ಲಿಗೆ ವಯಸ್ಸು ನಾ ಹೆಂಗ ಹೇಳ್ಲಿ? ಹೇಳಾಕ ಬರೂದಿಲ್ಲ."

ಸರಕಾರಿ ವಕೀಲರು ಇನ್ನೇನೂ ಕೇಳಲಿಲ್ಲ. ಅವರ ಮುಖದಲ್ಲೂ ಗೆದ್ದ ಕಳೆ ಇರಲಿಲ್ಲ. ದೀಪಾವಳಿಗೆ ಮುಂಚೆ ತೀರ್ಪು ಬಂತು. ಸಾಕ್ಷಿಯ ಪ್ರಾಮಾಣಿಕತೆಯನ್ನು ಹೊಗಳಿ, ಸ್ಥಳದಲ್ಲಿ ಹಳೆಯ ವಾಸದ ಗುರುತಿಲ್ಲವೆಂದು ದಾವೆ ವಜಾ ಮಾಡಿದ್ದರು. ಆ ಹೊಗಳಿಕೆಯ ಸಾಲು ಓದುವಾಗ ನನಗೆ ಸಿಟ್ಟೇ ಬಂದಿತ್ತು, ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು.

ಮೆಟ್ಟಿಲಿಳಿಯುತ್ತಿದ್ದಂತೆ ಧೊಂಡು ಕಾಕಾ ಎದ್ದು ಬಂದ. "ಯಾಕ ಸೋತ್ವಿರಿ ಮಾಸ್ತರ?"

"ಕಾಗದಾ ಸಾಲಲಿಲ್ಲಪಾ" ಅಂದರು ಸರ್. ಗೌಳಿಗರು ಆಚೆ ಹೋದ ಮೇಲೆ ನನ್ನ ಕಡೆ ತಿರುಗಿ, "ಶಾಂತಾ, ಗೂಟದ ಮಾತು, ಸುಣ್ಣದ ಮಾತು ಅವರ ಕಿವಿಗೆ ಎಂದೂ ಬೀಳಬಾರದು. ನೆಲಾ ಹೋತು. ತಮ್ಮ ಕೈಯಿಂದ ಹೋತಂತ ತಿಳದ್ರ ಆ ಹೆಣ್ಮಗಳು ಬದುಕೂದಿಲ್ಲ" ಅಂದರು. ನಾನು ಹೂಂ ಅಂದೆ. ಆ ಮಾತು ಸರಿಯೇ, ಅವರ ಸೋಲಿನ ಕಾರಣ ತಿಳಿಯುವ ಹಕ್ಕು ಅವರಿಗಿರಲಿಲ್ಲವೇ ಎಂದು ಆಮೇಲೆ ಎಷ್ಟೋ ಸಲ ನನ್ನಲ್ಲೇ ವಾದಿಸಿದ್ದೇನೆ. ಎರಡೂ ಕಡೆಯ ವಕೀಲೆ ನಾನೇ, ತೀರ್ಪು ಮಾತ್ರ ಬಂದಿಲ್ಲ.

ಆ ಚಳಿಗಾಲದಲ್ಲಿ ಕೆಳಗಿನ ದಡ್ಡಿಯಲ್ಲಿ ಎಮ್ಮೆಗಳು ಒಂದರ ಹಿಂದೊಂದು ಮಲಗಿದವು. ಉಳಿದವನ್ನು ಮಾರಿ ಕೆಲವರು ಇಟ್ಟಿಗೆ ಭಟ್ಟಿಗೆ ಹೋದರು, ಕೆಲವರು ಎಲ್ಲಿಗೆ ಹೋದರೋ ತಿಳಿಯಲಿಲ್ಲ. ಧೊಂಡು ಕಾಕಾ ಎರಡು ಮಳೆಗಾಲ ದಾಟಲಿಲ್ಲ. ಸೋನಾಬಾಯಿ ಎರಡು ಎಮ್ಮೆ ಹೊಡೆದುಕೊಂಡು ಧಾರವಾಡದ ಅಂಚಿಗೆ ಬಂದು ಒಂದು ತಗಡಿನ ಶೆಡ್ಡಿನಲ್ಲಿ ನೆಲೆ ನಿಂತಳು, ಮನೆಮನೆಗೆ ಮೊಸರು ಮಾರಿದಳು. ಸರ್ ಮನೆಗೆ ಅವಳದೇ ಮೊಸರು.

ಇತ್ತ ಸರ್ ಒಂದು ವಿಚಿತ್ರ ಹಟ ಹಿಡಿದರು. ಮನೆಗೆ ಸುಣ್ಣವನ್ನೇ ಹಚ್ಚಿಸಗೊಡಲಿಲ್ಲ. ಪ್ರತಿ ದಸರೆಗೂ ಕಾಕೂ ನನ್ನ ಮುಂದೆ ದೂರು ಹೇಳುತ್ತಿದ್ದರು. "ನೋಡು ಶಾಂತಾ, ಗ್ವಾಡಿ ಪಾಚಿಗಟ್ಟೇತಿ. ಬಂದವರು ಈ ಮನ್ಯಾಗ ಮಂದಿ ಅದಾರೋ ಇಲ್ಲೋ ಅಂತಾರ." ಸರ್ ಪೇಪರಿನ ಹಿಂದೆ ಮುಖ ಮರೆಸಿಕೊಂಡು, "ಇರ್ಲಿ ಬಿಡು, ಹಳೇದು ಕಾಣ್ಲಿ" ಅನ್ನುತ್ತಿದ್ದರು. ಕಾಕೂ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ವರ್ಷಗಳು ಕಳೆದು ಅರಣ್ಯ ಹಕ್ಕಿನ ಕಾನೂನು ಬಂತು. ಕಾಗದವಿಲ್ಲದವರಿಗೆ ಹಿರಿಯರ ಮಾತೂ ಸಾಕ್ಷಿ, ಹಳೆಯ ಗುರುತುಗಳೂ ದೇವರ ಠಾವೂ ಸಾಕ್ಷಿ ಎಂದು ಅದರ ನಿಯಮಗಳು ಹೇಳಿದವು. ನವರಾತ್ರಿಯ ಹೊತ್ತಿಗೆ ನಾನು ಅದರ ಪ್ರತಿ ಹಿಡಿದು ಸಪ್ತಾಪುರಕ್ಕೆ ಓಡಿದೆ. ಸರ್ ಹೊರಗಿನ ಪಡಸಾಲೆಯಲ್ಲಿ ಕುಳಿತು ನಿಧಾನವಾಗಿ ಓದಿ ಮಡಚಿಟ್ಟರು. ಮೇಲಿನ ದಡ್ಡಿಯಲ್ಲಿ ಅಕೇಶಿಯಾ ಆಗಲೇ ಮನೆಯೆತ್ತರ ಬೆಳೆದಿತ್ತು, ಆ ಜನ ಊರೂರಿಗೆ ಚದುರಿ ಹೋಗಿದ್ದರು.

ಆಗ ಸೋನಾಬಾಯಿ ಗೇಟು ತೆರೆದು ಬಂದಳು. ಮುದುಕಿಯಾಗಿದ್ದಳು. ಮೊಸರಿನ ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಪಾಚಿಗಟ್ಟಿದ ಗೋಡೆಯನ್ನು ನೋಡಿದಳು.

"ಮಾಸ್ತರ, ಹಬ್ಬ ಬಂತು, ಗ್ವಾಡಿ ಯಾಕ ಹಿಂಗ ಇಟ್ಟೀರಿ?"

ಸರ್ ಏನೋ ಗೊಣಗಿದರು. ಅವಳು ಮೆಟ್ಟಿಲ ಮೇಲೆ ಕುಳಿತಳು.

"ಒಂದ ಮಾತು ನನ್ನ ಹೊಟ್ಟ್ಯಾಗ ಉಳದೇತ್ರಿ. ನಮ್ಮವ್ರಿಗೂ ಹೇಳ್ಲಿಲ್ಲ, ಹಂಗ ಹೋದ್ರು. ಅವತ್ತ ಸಾಹೇಬ್ರು ಬಂದಾಗ ದೇವರ ಕಲ್ಲಿಗೆ ಒಂದ ಕೈ ಸುಣ್ಣ ಆಗಿತ್ತು. ಮಳಿ ಬಂತಂತ ನಾನ ಸಾಕು ಬಿಡ್ರಿ ಅಂದೆ. ಅಲ್ಲಲ್ಲೆ ಕಲ್ಲು ಕಾಣತಿತ್ತು. ಸಾಹೇಬ್ರು ಅದನ್ನ ಮತ್ತ ಮತ್ತ ನೋಡಿದ್ರು. ಇನ್ನೊಂದ ಕೈ ಹಚ್ಚಿದ್ರ ನಮಗ ಜಾಗಾ ಕೊಡತಿದ್ರೇನ್ರಿ?"

ನಾನು ಸರ್ ಕಡೆ ನೋಡಲಾರದೆ ಮೊಸರಿನ ಬುಟ್ಟಿ ನೋಡುತ್ತ ಕುಳಿತೆ. ಕಟಕಟೆಯಲ್ಲಿ ನಿಂತು, ಒಂದು ಜನದ ನೆಲ ಹೋಗುತ್ತದೆಂದು ಗೊತ್ತಿದ್ದೂ, ತನಗೆ ಗೊತ್ತಿಲ್ಲದ ಒಂದು 'ಹೌದು' ಹೇಳದ ಮನುಷ್ಯ ಅವರು. ಇಲ್ಲವಾ, ಸುಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ ಅನ್ನಬಹುದಿತ್ತು. ಆದರೆ ಅದು ಸುಳ್ಳು, ಅವಳು ನಂಬುತ್ತಲೂ ಇರಲಿಲ್ಲ. ಅವಳಿಗೆ ತೂಗುತ್ತಿದ್ದದ್ದು ಒಂದು ಕೈ ಸುಣ್ಣದ ತಪ್ಪು. ಅದನ್ನು ಕಿತ್ತುಕೊಂಡರೆ ಅದರ ಕೆಳಗೆ ಎಲ್ಲ ಗೂಟ ಕಿತ್ತ ತಪ್ಪು ಕಾದು ಕೂತಿತ್ತು.

"ಹೂಂನವಾ" ಅಂದರು ಸರ್. "ಇನ್ನೊಂದ ಕೈ ಹಚ್ಚಬೇಕಾಗಿತ್ತು. ಅಷ್ಟ ಕಡಿಮಿ ಬಿತ್ತು. ಮಳಿ ಬಂದ್ರ ನೀ ಏನು ಮಾಡ್ತಿ?"

ಸೋನಾಬಾಯಿ ಉಸಿರು ಬಿಟ್ಟಳು. "ನನಗ ಗೊತ್ತಿತ್ರಿ" ಅಂದಳು. ಪಾತ್ರೆಗೆ ಮೊಸರು ಹಾಕಿ, ಮೇಲೊಂದು ಸೌಟು ಹೆಚ್ಚಿಗೆ ಸುರಿದು, ಬುಟ್ಟಿ ತಲೆಯ ಮೇಲಿಟ್ಟುಕೊಂಡಳು. ಗೇಟಿನ ಹತ್ತಿರ ತಿರುಗಿ, "ನೀವರೆ ಎರಡ ಕೈ ಹಚ್ಚಸ್ರಿ ಮಾಸ್ತರ" ಎಂದು ಹೇಳಿ ಹೋದಳು.

ಮರುವಾರ ನಾನು ಹೋದಾಗ ಸರ್ ಮನೆಗೆ ಸುಣ್ಣ ಬಿದ್ದಿತ್ತು, ಎರಡು ಕೈ, ಮೊಸರು ತರುವವಳಿಗೆ ಗೇಟಿನಿಂದ ಕಾಣುವ ಆ ಒಂದು ಗೋಡೆಗೆ ಮಾತ್ರ.